ಮಣ್ಣಿನ ತೇವ ಹೇರಿ ಮಾದರಿ ಓಡಿಸುವುದು: ನನ್ನ ಅನುಭವ

ಹವಾಮಾನ ಮಾದರಿಯಲ್ಲಿ ನೆಲದ ಸ್ಥಿತಿ ಮಳೆಯನ್ನು ಎಷ್ಟು ನಿಯಂತ್ರಿಸುತ್ತಿದೆ ಎಂದು ತಿಳಿಯಲು ಮಣ್ಣಿನ ತೇವಕ್ಕೂ ಮಳೆಗೂ ಸಹಸಂಬಂಧ ಲೆಕ್ಕ ಹಾಕಿ ಪ್ರಯೋಜನವಿಲ್ಲ. ಮಳೆ ಬಂದರೆ ಮಣ್ಣು ನೆನೆಯುತ್ತದೆ, ಅದನ್ನು ಹೇಳಲು ಸೂಪರ್ ಕಂಪ್ಯೂಟರ್ ಬೇಡ. ಮಳೆಯಿಂದ ಮಣ್ಣಿಗೆ ಹೋಗುವ ಕೊಂಡಿಯನ್ನು ಕಡಿದು, ಮಣ್ಣಿನಿಂದ ಗಾಳಿಗೆ ಹೋಗುವುದನ್ನು ಮಾತ್ರ ಉಳಿಸಬೇಕು. ಹಾಗಾಗಿ ಎರಡು ಎನ್ಸೆಂಬಲ್ (ಆರಂಭ ಮಾತ್ರ ತುಸು ಬೇರೆಯಿರುವ, ಒಂದೇ ಮಾದರಿಯ ಹಲವು ರನ್‌ಗಳ ಗುಂಪು; ಒಂದೊಂದು ರನ್ ಒಬ್ಬ ಸದಸ್ಯ) ಓಡಿಸುತ್ತೇನೆ. ಒಂದರಲ್ಲಿ ಮಣ್ಣಿನ ತೇವವನ್ನು ಮಾದರಿಯೇ ಮುಕ್ತವಾಗಿ ಲೆಕ್ಕ ಹಾಕುತ್ತದೆ, ಇನ್ನೊಂದರಲ್ಲಿ ಎಲ್ಲ ಸದಸ್ಯರಿಗೂ ಒಂದೇ ತೇವವನ್ನು ಹೊರಗಿನಿಂದ ಹೇರುವುದು. ಸಮುದ್ರದ ತಾಪಮಾನ ಎರಡರಲ್ಲೂ ಒಂದೇ.

ಇದು ನೆಲ ಮತ್ತು ಗಾಳಿಯ ಕೊಂಡಿಯನ್ನು ಹಲವು ಮಾದರಿಗಳಲ್ಲಿ ಹೋಲಿಸಿದ ಗ್ಲೇಸ್ (GLACE) ಯೋಜನೆಯ ವಿಧಾನ. 2004ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ 12 ಮಾದರಿಗಳ ಸರಾಸರಿ ಉತ್ತರ ಅಮೆರಿಕದ ಮಹಾಬಯಲು, ಸಹೇಲ್ ಮತ್ತು ಭಾರತವನ್ನು ಬಲವಾದ ಕೊಂಡಿಯ ತಾಣಗಳೆಂದು ತೋರಿಸಿತು. ಜೂನ್‌ನಿಂದ ಆಗಸ್ಟ್‌ವರೆಗೆ 16 ಸದಸ್ಯರು, ಮೊದಲ 8 ದಿನ ಬಿಟ್ಟು ಉಳಿದ 84 ದಿನಗಳನ್ನು ಆರಾರು ದಿನದ 14 ಮೊತ್ತಗಳಾಗಿ ಮಾಡುವುದು. ಈ ಅಳತೆಗಳನ್ನು ಬದಲಿಸಲು ನನಗೆ ಕಾರಣ ಕಂಡಿಲ್ಲ.

ಶುರುವಿಗೆ ಸ್ಪಿನ್‌ಅಪ್, ಅಂದರೆ ಮಣ್ಣಿನ ತೇವ ನೆಲೆಗೊಳ್ಳುವವರೆಗಿನ ಪೂರ್ವ ಓಟ. ನೆಲದ ಮಾದರಿಯನ್ನು ಮಾತ್ರ ಪ್ರತ್ಯೇಕವಾಗಿ, ಅದೇ ವರ್ಷಗಳ ಹವಾ ದತ್ತಾಂಶ ಮತ್ತೆ ಮತ್ತೆ ಕೊಟ್ಟು ಓಡಿಸುತ್ತೇನೆ. ನೋವಾ ಎಂಬ ನೆಲದ ಮಾದರಿಯಲ್ಲಿ ಮಣ್ಣಿನ ನಾಲ್ಕು ಪದರಗಳ ದಪ್ಪ 10, 30, 60, 100 ಸೆಂ.ಮೀ. ಮೇಲಿನದು ಬೇಗ ನೆಲೆಗೊಳ್ಳುತ್ತದೆ. ಕೊನೆಯದಕ್ಕೆ ವರ್ಷಗಳೇ ಬೇಕು, ಒಣ ಪ್ರದೇಶದಲ್ಲಿ ಇನ್ನೂ ಹೆಚ್ಚು. ಜಾಗತಿಕ ಸರಾಸರಿ ನೋಡಿ ಸಮಾಧಾನಪಟ್ಟುಕೊಳ್ಳಬಾರದು, ಒಣ ಗ್ರಿಡ್‌ಗಳ ಕೆಳಪದರವನ್ನೇ ನೋಡಬೇಕು.

ತೇವ ಹೇರುವುದು ಕೋಡ್‌ನಲ್ಲಿ ಕೆಲವೇ ಸಾಲು, ಆದರೆ ಕೆಡುವುದೆಲ್ಲ ಅಲ್ಲಿಯೇ. ಪ್ರತಿ ಕಾಲಹೆಜ್ಜೆಯಲ್ಲೂ ಮಣ್ಣಿನ ನೀರಿನ ಸಮೀಕರಣ ಬಿಡಿಸಿದ ಮೇಲೆ, ಮುಂದಿನ ಹೆಜ್ಜೆಯ ಆವಿ ಲೆಕ್ಕಕ್ಕೆ ಮುಂಚೆ ಬದಲಿಸುತ್ತೇನೆ. ದ್ರವ ನೀರನ್ನು ಮಾತ್ರ. ಮಂಜುಗಡ್ಡೆಯನ್ನು ಮುಟ್ಟಿದರೆ ಕರಗುವ ಉಷ್ಣದ ಲೆಕ್ಕ ತಪ್ಪಿ ಮಣ್ಣಿನ ತಾಪಮಾನ ಜಿಗಿಯುತ್ತದೆ. ಎಲ್ಲಕ್ಕಿಂತ ಮೇಲಿನ ಪದರವನ್ನು ಕೂಡ ಬಿಟ್ಟುಬಿಡುತ್ತೇನೆ: ಅದನ್ನೂ ಹೇರಿದರೆ ಮಳೆ ಬಿದ್ದ ಮರುದಿನದ ಆವಿ ಆ ಮಳೆಗೆ ಸಂಬಂಧವೇ ಇಲ್ಲದಂತೆ ಬರುತ್ತದೆ.

ಯಾವ ತೇವವನ್ನು ಹೇರಬೇಕು? ಹಲವು ವರ್ಷಗಳ ಸರಾಸರಿ ಎಂದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಲೆಕ್ಕ ಹಾಕಿ ನೋಡಿ. ತೇವವನ್ನು ಮಣ್ಣಿನ ಗಾತ್ರದಲ್ಲಿ ನೀರಿನ ಪಾಲಾಗಿ ಅಳೆದರೆ, ಗಿಡ ಬಾಡುವ ಮಿತಿ 0.10, ಆವಿಗೆ ಅಡ್ಡಿಯಿಲ್ಲದ ಮಿತಿ 0.25, ನಡುವೆ ನೇರ ಗೆರೆ ಎಂದಿಟ್ಟುಕೊಳ್ಳಿ. ಮಣ್ಣು ಅರ್ಧ ಕಾಲ 0.10, ಅರ್ಧ ಕಾಲ 0.30 ಇದ್ದರೆ ಆವಿಯ ಗುಣಾಂಕ (ಗರಿಷ್ಠ ಆವಿಯಲ್ಲಿ ಎಷ್ಟು ಪಾಲು) 0 ಮತ್ತು 1, ಸರಾಸರಿ 0.5. ಅದೇ ತೇವದ ಸರಾಸರಿ 0.20 ಹೇರಿದರೆ ಗುಣಾಂಕ 0.67. ಗರಿಷ್ಠ ಆವಿ ದಿನಕ್ಕೆ 5 ಮಿ.ಮೀ. ಆದರೆ 2.5 ಇದ್ದದ್ದು 3.3 ಆಗುತ್ತದೆ. ದಿನಕ್ಕೆ 1 ಮಿ.ಮೀ. ಆವಿ ಎಂದರೆ ಚದರ ಮೀಟರಿಗೆ ಸುಮಾರು 29 ವ್ಯಾಟ್, ಅಂದರೆ ಏನನ್ನೂ ಬದಲಿಸದೆ 24 ವ್ಯಾಟ್ ಗುಪ್ತೋಷ್ಣ (ಆವಿಯಲ್ಲಿ ಅಡಗಿ ಹೋಗುವ ಶಾಖ) ಗಾಳಿಗೆ ಸೇರಿಹೋಯಿತು. ಆಮೇಲೆ ಮಳೆ ಹೆಚ್ಚಿದರೆ, ಗಾಳಿ ತಂಪಾದರೆ ಅದು ಕೊಂಡಿಯ ಗುಣವಲ್ಲ, 0.25ರಲ್ಲಿ ಬಾಗುವ ಗೆರೆಯ ಮೇಲೆ ಸರಾಸರಿ ತೆಗೆದದ್ದರ ಫಲ. ಆದ್ದರಿಂದ ಮುಕ್ತ ಎನ್ಸೆಂಬಲ್‌ನ ಒಬ್ಬ ಸದಸ್ಯನ ತೇವವನ್ನು, ನಯಗೊಳಿಸದೆ, ಹಾಗೆಯೇ ಬಳಸುತ್ತೇನೆ.

ಹೀಗೆ ಹೇರುವಾಗ ಮಾದರಿ ಪ್ರತಿ ಹೆಜ್ಜೆಯಲ್ಲೂ ನೀರನ್ನು ಸೃಷ್ಟಿಸುತ್ತದೆ ಅಥವಾ ಅಳಿಸುತ್ತದೆ. ಆ ಕೃತಕ ನೀರನ್ನು ಪ್ರತ್ಯೇಕ ಚರವಾಗಿ ಬರೆಸಿಕೊಳ್ಳಿ. ಒಂದು ಪ್ರದೇಶದಲ್ಲಿ ಅದು ಇಡೀ ಋತು ಧನಾತ್ಮಕವಾಗಿದ್ದರೆ ಅಲ್ಲಿ ನಡೆದದ್ದು ನೀರಾವರಿ.

ಬೇರೆ ಮಾದರಿಯ ತೇವವನ್ನು ನೇರವಾಗಿ ಹಾಕಲೇಬೇಡಿ. ಒಂದರಲ್ಲಿ 0.25 ಎಂದರೆ ಒದ್ದೆ, ಇನ್ನೊಂದರಲ್ಲಿ ಅರೆಒಣ. ಮೂಲದ ಸರಾಸರಿ ಕಳೆದು, ಮಾನಕ ವಿಚಲನೆಯಿಂದ ಭಾಗಿಸಿ, ನಿಮ್ಮ ಮಾದರಿಯ ವಿಚಲನೆಯಿಂದ ಗುಣಿಸಿ ಅದರ ಸರಾಸರಿ ಕೂಡಿಸಿ. ಆಮೇಲೆ ಮಣ್ಣಿನ ರಂಧ್ರಗಳು ಹಿಡಿಯುವ ಮಿತಿ ದಾಟಿದ್ದನ್ನು ಕತ್ತರಿಸಿ.

ವಿಶ್ಲೇಷಣೆಗೆ ಒಮೆಗಾ, ಅಂದರೆ ಸದಸ್ಯರ ಮಳೆ ಒಂದನ್ನೊಂದು ಎಷ್ಟು ಹೋಲುತ್ತದೆ ಎಂಬ ಅಳತೆ: ಸದಸ್ಯರ ಸರಾಸರಿಯ ವೇರಿಯನ್ಸನ್ನು (ಏರಿಳಿತದ ಅಳತೆ) 16ರಿಂದ ಗುಣಿಸಿ, ಒಟ್ಟು ವೇರಿಯನ್ಸ್ ಕಳೆದು, ಒಟ್ಟಿನ 15 ಪಟ್ಟಿನಿಂದ ಭಾಗಿಸುವುದು. ಹೇರಿದ ಎನ್ಸೆಂಬಲ್‌ನ ಒಮೆಗಾದಿಂದ ಮುಕ್ತದ್ದನ್ನು ಕಳೆದರೆ ಉಳಿಯುವುದು ಮಣ್ಣಿನ ಪಾಲು. ಆದರೆ ಈ ಒಂದೇ ಸಂಖ್ಯೆಯಲ್ಲಿ ಎರಡು ಕೊಂಡಿಗಳು ಬೆರೆತಿರುತ್ತವೆ, ಬಿಡಿಸಿ ನೋಡುವುದು ಒಳ್ಳೆಯದು. ಮಣ್ಣಿನಿಂದ ಗುಪ್ತೋಷ್ಣಕ್ಕೆ ಹೋಗುವ ಕೊಂಡಿಗೆ ಮುಕ್ತ ರನ್‌ಗಳ ದೈನಂದಿನ ದತ್ತಾಂಶ ಸಾಕು. ಋತುಚಕ್ರ ತೆಗೆದು, ರಿಗ್ರೆಶನ್ ಇಳಿಜಾರನ್ನು (ತೇವ ಬದಲಾದರೆ ಗುಪ್ತೋಷ್ಣ ಎಷ್ಟು ಬದಲಾಗುತ್ತದೆ) ತೇವದ ಮಾನಕ ವಿಚಲನೆಯಿಂದ ಗುಣಿಸುತ್ತೇನೆ. ಮರುಭೂಮಿಯಲ್ಲಿ ಇಳಿಜಾರು ಹೆಚ್ಚು, ಏರಿಳಿತವೇ ಇಲ್ಲ. ಒದ್ದೆ ಕಾಡಿನಲ್ಲಿ ಆವಿಯನ್ನು ನಿರ್ಧರಿಸುವುದು ಬಿಸಿಲು. ನಡುವಿನ ಪಟ್ಟಿಯಲ್ಲಷ್ಟೇ ಗುಣಲಬ್ಧ ದೊಡ್ಡದು.

ಗುಪ್ತೋಷ್ಣದಿಂದ ಮಳೆಗೆ ಹೋಗುವ ಕೊಂಡಿಯ ಚಿಹ್ನೆಯನ್ನು ಒಂದೇ ಮಾದರಿಯಿಂದ ನಾನು ನಂಬುವುದಿಲ್ಲ. ಆಲ್ಪ್ಸ್ ಪ್ರದೇಶದ ಮೇಲೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂವಹನವನ್ನು (ಬಿಸಿ ಗಾಳಿ ಮೇಲೇರಿ ಮೋಡ ಕಟ್ಟುವುದು) ಸೂತ್ರದಿಂದ ಅಂದಾಜಿಸುವ 25 ಕಿ.ಮೀ. ರನ್ ಒದ್ದೆ ಮಣ್ಣಿಗೆ ಹೆಚ್ಚು ಮಳೆ ಕೊಟ್ಟಿತು, ನೇರವಾಗಿ ಬಿಡಿಸುವ 2.2 ಕಿ.ಮೀ. ರನ್ ಕಡಿಮೆ ಕೊಟ್ಟಿತು. ಆದ್ದರಿಂದ ಸಂವಹನದ ಸ್ಕೀಮ್ ಬದಲಿಸಿ ಎರಡೂ ಎನ್ಸೆಂಬಲ್ ಮತ್ತೆ ಓಡಿಸುತ್ತೇನೆ, ಗಂಟೆಗೊಮ್ಮೆ ಮಳೆ ಮತ್ತು ಗಡಿಪದರದ (ನೆಲಕ್ಕೆ ತಾಗಿದ, ಹಗಲಿನಲ್ಲಿ ಬೆಳೆಯುವ ಗಾಳಿಯ ಪದರ) ಎತ್ತರ ಬರೆಸಿಕೊಳ್ಳುತ್ತೇನೆ. ಮಳೆ ಗಡಿಪದರ ಬೆಳೆಯುವ ಮುನ್ನವೇ, ನಡುಹಗಲಲ್ಲೇ ತುದಿ ಮುಟ್ಟುತ್ತಿದ್ದರೆ ಆ ಸ್ಕೀಮ್‌ನ ಉತ್ತರವನ್ನು ಬದಿಗಿಡುತ್ತೇನೆ.