ಸೈಕಲ್ ಇಳಿದು ಓಡುವುದು: ಗೆಳೆಯರ ಗುಂಪಿನ ಜೊತೆ ಭಾನುವಾರದ ಬ್ರಿಕ್

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮಾಡುವ ಟ್ರಯಥ್ಲಾನ್ ಮಾಡಬೇಕು ಅಂತ ಬರುವವರೆಲ್ಲ ಮೊದಲು ಹೆದರುವುದು ಈಜಿಗೆ. ಆದರೆ ಮೈಸೂರಿನ ನಮ್ಮ ಗುಂಪಿನಲ್ಲಿ ನಾನು ನೋಡಿದ ಹಾಗೆ, ಜನ ಜಾಸ್ತಿ ಒದ್ದಾಡುವುದು ಸೈಕಲ್ ಇಳಿದು ಓಡಲು ಶುರು ಮಾಡಿದಾಗ. ಸೈಕಲ್ ಆದ ತಕ್ಷಣ ಓಡುವ ಅಭ್ಯಾಸಕ್ಕೆ ಬ್ರಿಕ್ ಅಂತಾರೆ. ವಾರದಲ್ಲಿ ಒಂದೇ ದಿನ ಗುಂಪು ಸೇರುವುದಾದರೆ ಆ ದಿನವನ್ನು ಇದಕ್ಕೇ ಇಡಿ.

ಟ್ರಯಥ್ಲಾನ್‌ನಲ್ಲಿ ಒಲಿಂಪಿಕ್ ದೂರ ಅಂದರೆ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಸ್ಪ್ರಿಂಟ್ ಅನ್ನುವ ಚಿಕ್ಕ ಸ್ಪರ್ಧೆ ಸರಿಯಾಗಿ ಅದರ ಅರ್ಧ. ಮೊದಲ ಸಲಕ್ಕೆ ಸ್ಪ್ರಿಂಟ್ ಧಾರಾಳ ಸಾಕು. ಈಜು ಇನ್ನೂ ಬಾರದಿದ್ದರೆ ಓಟ, ಸೈಕಲ್, ಮತ್ತೆ ಓಟ ಇರುವ ಡುವಥ್ಲಾನ್‌ಗೆ ಹೆಸರು ಕೊಡಿ. ಕೊಳದಲ್ಲಿ ಕೋಚ್ ಹತ್ತಿರ ಈಜು ಕಲಿಯುವುದು ಅದರ ಪಾಡಿಗೆ ನಡೆಯಲಿ.

ಹೊರಡುವ ಮುಂಚೆ ಸಾಮಾನು ಜೋಡಿಸುವುದನ್ನೂ ಅಭ್ಯಾಸದ ಭಾಗ ಅಂದುಕೊಳ್ಳಿ. ಹೆಲ್ಮೆಟ್ಟನ್ನು ಒಳಭಾಗ ಮೇಲೆ ಬರುವ ಹಾಗೆ ಹ್ಯಾಂಡಲ್ ಮೇಲಿಡಿ, ಪಟ್ಟಿಗಳು ಎರಡೂ ಕಡೆ ಹೊರಗೆ ಬಿದ್ದಿರಲಿ, ಕನ್ನಡಕ ಅದರೊಳಗೇ ಇರಲಿ. ನೆಲದ ಮೇಲೆ ಒಂದು ಸಣ್ಣ ಟವೆಲ್ ಹಾಸಿ, ಅದರ ಮೇಲೆ ಓಟದ ಶೂ, ಲೇಸ್ ಸಡಿಲ ಮಾಡಿ. ಸ್ಪರ್ಧೆಯಲ್ಲಿ ಸೈಕಲ್ ಮುಟ್ಟುವ ಮುಂಚೆಯೇ ಹೆಲ್ಮೆಟ್ ಬಕಲ್ ಹಾಕಿರಬೇಕು. ವಾಪಸ್ ಬಂದಾಗ ಸೈಕಲ್ಲನ್ನು ಅದರ ಜಾಗದಲ್ಲಿ ನಿಲ್ಲಿಸಿದ ಮೇಲೇ ಅದನ್ನು ತೆಗೆಯಬೇಕು. ಉಸಿರು ಏರಿ ಬೆರಳು ಬೆವರಿದಾಗ ಆ ಬಕಲ್ ಸುಲಭಕ್ಕೆ ಸಿಗಲ್ಲ. ಕೈಗೆ ರೂಢಿ ಆಗುವ ತನಕ ಪ್ರತಿ ಭಾನುವಾರ ಇದೇ ಕ್ರಮದಲ್ಲಿ ಮಾಡಿ.

ಸೈಕಲ್‌ಗೆ ನಾವು ರಿಂಗ್ ರೋಡಿಗೆ ಹೋಗುತ್ತೇವೆ, ಬೆಳಕು ಹರಿದ ಮೇಲೆ. ಎಡಗಡೆ, ಒಬ್ಬರ ಹಿಂದೆ ಒಬ್ಬರು, ನಡುವೆ ಒಳ್ಳೇ ಅಂತರ. ಹವ್ಯಾಸಿಗಳ ಹೆಚ್ಚಿನ ಸ್ಪರ್ಧೆಗಳಲ್ಲಿ ಮುಂದಿನವರ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ತುಳಿಯುವ ಹಾಗಿಲ್ಲ, ಹಾಗಾಗಿ ಅಭ್ಯಾಸದಲ್ಲೂ ಅಂಟಿಕೊಂಡು ಹೋಗುವುದು ಬೇಡ. ಗುಂಡಿ ಕಂಡವರು ಕೈ ತೋರಿಸಿ ಕೂಗಬೇಕು. ಹಿಂದಿನವರಿಗೆ ಅದು ಕಾಣಿಸಲ್ಲ. ಕೊನೆಯ 2 ಕಿ.ಮೀ.ನಲ್ಲಿ ಗೇರ್ ಹಗುರ ಮಾಡಿ ಕಾಲನ್ನು ಚುರುಕಾಗಿ ತಿರುಗಿಸಿ. ಬೆನ್ನು ನೇರ ಮಾಡಿ, ಎರಡು ಗುಟುಕು ನೀರು ಕುಡಿಯಿರಿ.

ಇಳಿದ ಕೂಡಲೇ ತೊಡೆ ಭಾರ, ಹೆಜ್ಜೆ ಎಲ್ಲೋ ಬೀಳುತ್ತದೆ. ಅಷ್ಟು ಹೊತ್ತು ಮಂಡಿ ಮಡಚಿಕೊಂಡೇ ಕೆಲಸ ಮಾಡಿದ ಕಾಲು ಈಗ ಮೈಭಾರ ಹೊರಬೇಕು, ಅದಕ್ಕೆ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಇನ್ನೊಂದು ವಿಷಯ ಇದೆ. ಸೈಕಲ್ ವೇಗಕ್ಕೆ ಒಗ್ಗಿದ ಕಣ್ಣಿಗೆ ಓಟ ನಿಧಾನ ಅನ್ನಿಸುತ್ತದೆ, ಹಾಗಾಗಿ ಗೊತ್ತಿಲ್ಲದೆ ಜೋರಾಗಿ ಓಡಿಬಿಡುತ್ತೇವೆ. ಮೊದಲ ಕಿಲೋಮೀಟರ್‌ನಲ್ಲಿ ಹೆಜ್ಜೆ ಚಿಕ್ಕದಾಗಿರಲಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗದಿದ್ದರೆ ನಿಮ್ಮ ವೇಗ ಜಾಸ್ತಿ ಆಯಿತು ಅಂತ.

ಈಗ ಗುಂಪಿನ ಮುಖ್ಯ ಸಮಸ್ಯೆ. ನಮ್ಮಲ್ಲಿ ನಿವೃತ್ತ ಮೇಷ್ಟ್ರು ಇದ್ದಾರೆ, ಕಾಲೇಜು ಹುಡುಗರೂ ಇದ್ದಾರೆ. 5 ಕಿ.ಮೀ. ಓಡೋಣ ಅಂದರೆ ಹುಡುಗರು ಮುಗಿಸಿ ಕೂತಿರುತ್ತಾರೆ, ಮೇಷ್ಟ್ರು ಒಬ್ಬರೇ ಕೊನೆಗೆ ಬರುತ್ತಾರೆ. ನಾಲ್ಕು ವಾರ ಹೀಗಾದರೆ ಯಾರಿಗಾದರೂ ಬರಲು ಮನಸ್ಸಾಗುತ್ತಾ? ಅದಕ್ಕೆ ದೂರ ಗೊತ್ತು ಮಾಡಬೇಡಿ, ಸಮಯ ಗೊತ್ತು ಮಾಡಿ. ಎಲ್ಲರೂ ಒಂದೇ ಕಡೆಗೆ, ಅವರವರ ವೇಗದಲ್ಲಿ 10 ನಿಮಿಷ ಓಡಿ. ಗಡಿಯಾರ ಕೂಗಿದಾಗ ಎಲ್ಲಿದ್ದೀರೋ ಅಲ್ಲೇ ತಿರುಗಿ. ಈಗ ಹಿಂದಿದ್ದವರು ಮುಂದೆ. ಎಲ್ಲರೂ ಬಂದ ವೇಗವನ್ನೇ ಹಿಡಿದರೆ ಹೆಚ್ಚುಕಡಿಮೆ ಒಟ್ಟಿಗೇ ಸೈಕಲ್ ಹತ್ತಿರ ಸೇರುತ್ತೀರಿ. ಮೊದಲ ಅರ್ಧದಲ್ಲಿ ದಮ್ಮು ಕಳೆದುಕೊಂಡವರು ಕೊನೆಗೆ ಬರುತ್ತಾರೆ, ಯಾರೂ ಹೇಳಿಕೊಡಬೇಕಾಗಿಲ್ಲ. ನನಗೆ ಈ ಪದ್ಧತಿ ಬಹಳ ಇಷ್ಟ. ಮೇಷ್ಟ್ರು ಮುಂದೆ ಓಡುತ್ತಿದ್ದರೆ ಹುಡುಗರಿಗೆ ಅಟ್ಟಿಸಿಕೊಂಡು ಹೋಗುವ ಹುರುಪು, ಮೇಷ್ಟ್ರಿಗೆ ಬಿಟ್ಟುಕೊಡಬಾರದು ಅನ್ನುವ ಹಟ.

ಚಾಮುಂಡಿ ಬೆಟ್ಟವನ್ನು ಬ್ರಿಕ್ ದಿನಕ್ಕೆ ಸೇರಿಸಬೇಡಿ. ಕಾಲಿಗೆ ಬಲ ಬರಲು ವಾರದ ಮಧ್ಯೆ ಒಂದು ದಿನ ಮೆಟ್ಟಿಲು ಹತ್ತಿ. ಸಾವಿರ ಚಿಲ್ಲರೆ ಮೆಟ್ಟಿಲಿವೆ, ಹೊಸಬರಿಗೆ ದೊಡ್ಡ ನಂದಿಯ ತನಕ ಸಾಕು. ಹತ್ತಿದ ಮೇಲೆ ರಸ್ತೆಯಲ್ಲಿ ಇಳಿಯಿರಿ, ಮಂಡಿಗೆ ಒಳ್ಳೆಯದು. ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವವರು ಸಿಕ್ಕರೆ ಅವರಿಗೆ ದಾರಿ ಬಿಟ್ಟು ನಡೆಯಿರಿ. ಆಷಾಢ ಶುಕ್ರವಾರಗಳಲ್ಲಂತೂ ಆ ಕಡೆ ಅಭ್ಯಾಸವೇ ಬೇಡ.

ತಿನ್ನುವುದಕ್ಕೆ, ಹೊರಡುವ ಮುಂಚೆ ಒಂದು ಬಾಳೆಹಣ್ಣು. ಸೈಕಲ್ ಮೇಲೆ ಖರ್ಜೂರ, ಬಾಟಲಿಯಲ್ಲಿ ಉಪ್ಪು ಸಕ್ಕರೆ ಹಾಕಿದ ನಿಂಬೆಹಣ್ಣಿನ ನೀರು. ಶಕ್ತಿಗೆ ಅಂತ ಪೊಟ್ಟಣದಲ್ಲಿ ಸಿಗುವ ಸಿಹಿ ಜೆಲ್ ತಗೊಳ್ಳುವವರು ಅದನ್ನೂ ಇಲ್ಲೇ ಪರೀಕ್ಷೆ ಮಾಡಿ, ಸ್ಪರ್ಧೆಯ ದಿನ ಮೊದಲ ಸಲ ಬೇಡ.

ಮೊದಲ ವಾರ 15 ಕಿ.ಮೀ. ಸೈಕಲ್ ಆದ ಮೇಲೆ ಹೋಗಿ ಬರುವುದು ಸೇರಿ 10 ನಿಮಿಷದ ಓಟ ಸಾಕು. ಮೈ ಒಪ್ಪಿದರೆ ಎರಡು ವಾರಕ್ಕೊಮ್ಮೆ ಓಟಕ್ಕೆ 5 ನಿಮಿಷ ಸೇರಿಸಿ, ಅದೇ ವಾರ ಸೈಕಲ್ ದೂರ ಹೆಚ್ಚಿಸಬೇಡಿ. ಮಂಡಿಯಲ್ಲಿ ಚುಚ್ಚುವ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ, ಜೊತೆಯವರಿಗೆ ಹೇಳಿ, ನಡೆದುಕೊಂಡು ವಾಪಸ್ ಬನ್ನಿ. ಒಬ್ಬರು ನಿಮ್ಮ ಜೊತೆ ನಡೆಯುತ್ತಾರೆ. ನಮ್ಮ ಗುಂಪಿನಲ್ಲಿ ಅದು ಕಡ್ಡಾಯ.