ಪದರ ಪದರ ಕಳಚಿ: ಕೃಷ್ಣಾ-ಗೋದಾವರಿ ಅಂಚಿನ ಕುಸಿತದ ಲೆಕ್ಕ, ನನ್ನ ಅನುಭವ

ಕೃಷ್ಣಾ-ಗೋದಾವರಿ ಡೆಲ್ಟಾಗಳಿರುವ ಭಾರತದ ಪೂರ್ವ ಅಂಚು ಅಂಟಾರ್ಕ್ಟಿಕಾದಿಂದ ಬೇರೆಯಾಗಿ ಸುಮಾರು 13 ಕೋಟಿ ವರ್ಷವಾಯಿತು. ಅಲ್ಲೀಗ ಫಲಕಗಳ ಗಡಿ ಇಲ್ಲ, ಆದರೂ ನೆಲ ಕುಸಿಯುತ್ತಲೇ ಬಂದಿದೆ. ಬಿರಿದಾಗ ಬಿಸಿಯೇರಿದ ಶಿಲಾಗೋಳ (ಭೂಮಿಯ ಗಟ್ಟಿ ಹೊರಪದರ) ತಣಿದು ಕುಗ್ಗುವುದು ಒಂದು ಕಾರಣ, ನದಿಗಳು ತಂದು ಸುರಿದ ಹೂಳಿನ ಭಾರ ಇನ್ನೊಂದು. ಇವೆರಡನ್ನು ಬೇರ್ಪಡಿಸುವ ಲೆಕ್ಕವೇ ಬ್ಯಾಕ್‌ಸ್ಟ್ರಿಪಿಂಗ್. ನಾನು ಅದನ್ನು ಸ್ಪ್ರೆಡ್‌ಶೀಟಿನಲ್ಲೇ ಮಾಡುತ್ತೇನೆ. ಸೂತ್ರಗಳು ಸುಲಭ, ಕೈಕೊಡುವುದು ಒಳಗೆ ಹಾಕುವ ಅಂಕಿಗಳು.

ಮೊದಲು ಕೊರೆಬಾವಿಯ ಪ್ರತಿ ಪದರಕ್ಕೆ ಮೇಲಿನ ಆಳ, ಕೆಳಗಿನ ಆಳ, ಶಿಲೆ, ವಯಸ್ಸು, ಆಗಿನ ನೀರಿನ ಆಳ ಬರೆದುಕೊಳ್ಳಬೇಕು. ವಯಸ್ಸಿಗೆ ಕೊರೆಚೂರಿನ ಸೂಕ್ಷ್ಮ ಪಳೆಯುಳಿಕೆಗಳೇ ಆಧಾರ. ಮೇಲಿನ ಗೋಡೆಯ ಚೂರು ಉದುರಿ ಕೆಳಗಿನ ಮಾದರಿಗೆ ಬೆರೆಯುವುದರಿಂದ, ಒಂದು ಪ್ರಭೇದ ಕೆಳಗೆ ಎಲ್ಲಿಯವರೆಗೆ ಸಿಗುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಮೇಲಿನಿಂದ ಇಳಿಯುವಾಗ ಮೊದಲು ಎಲ್ಲಿ ಕಂಡಿತೋ ಅದನ್ನೇ ಹಿಡಿಯುತ್ತೇನೆ.

ನಂತರ ಅಮುಕಿದ ಶಿಲೆಯನ್ನು ಹಿಂದಿನ ದಪ್ಪಕ್ಕೆ ತರಬೇಕು. ಆಳ ಹೆಚ್ಚಿದಂತೆ ಸರಂಧ್ರತೆ, ಅಂದರೆ ಶಿಲೆಯಲ್ಲಿ ರಂಧ್ರಗಳ ಪಾಲು, ಘಾತೀಯವಾಗಿ ಇಳಿಯುತ್ತದೆ. ಶೇಲ್‌ಗೆ (ಜೇಡಿಶಿಲೆಗೆ) ಮೇಲ್ಮೈ ಸರಂಧ್ರತೆ 0.63, ಇಳಿಕೆಯ ಗುಣಾಂಕ ಕಿಲೋಮೀಟರಿಗೆ 0.51. ಮರಳುಗಲ್ಲಿಗೆ 0.49 ಮತ್ತು 0.27. ಈಗ 2ರಿಂದ 3 ಕಿ.ಮೀ. ಆಳದಲ್ಲಿರುವ 1000 ಮೀಟರ್ ಶೇಲ್‌ನಲ್ಲಿ ಘನಭಾಗ 822 ಮೀಟರ್. ಮೇಲಿನದ್ದನ್ನೆಲ್ಲ ತೆಗೆದರೆ ಅದು ಸುಮಾರು 1475 ಮೀಟರಿಗೆ ಉಬ್ಬುತ್ತದೆ. ಅದೇ ಜಾಗದಲ್ಲಿ ಮರಳುಗಲ್ಲು ಇದ್ದರೆ 1280 ಮಾತ್ರ. ಶಿಲೆಯ ಹೆಸರು ತಪ್ಪಿದರೆ 195 ಮೀಟರ್ ಹೋಯಿತು! ಹಾಗಾಗಿ ಶೇಲ್-ಮರಳಿನ ಪ್ರಮಾಣವನ್ನು ಗಾಮಾ ಲಾಗ್ (ಬಾವಿಯುದ್ದಕ್ಕೂ ಶಿಲೆಯ ಸಹಜ ವಿಕಿರಣದ ದಾಖಲೆ) ನೋಡಿಯೇ ಹಾಕಬೇಕು, ವರದಿಯ ಸಾರಾಂಶ ನೋಡಿ ಅಲ್ಲ.

ಇಲ್ಲಿನ ರಾಘವಪುರಂ ಮತ್ತು ವಡಪರ್ರು ಶೇಲ್‌ಗಳಲ್ಲಿ ಇನ್ನೊಂದು ತೊಡಕು. ವೇಗವಾಗಿ ಹೂತುಹೋದ ಜೇಡಿಯಿಂದ ನೀರು ಹೊರಬರಲು ದಾರಿ ಸಿಗದೆ ಅಧಿಕ ಒತ್ತಡ ಉಳಿದಿದೆ. ಸೋನಿಕ್ ಲಾಗ್‌ನಲ್ಲಿ, ಶಿಲೆಯನ್ನು ಹಾಯಲು ಶಬ್ದಕ್ಕೆ ಹಿಡಿಯುವ, ಆಳಕ್ಕೆ ಹೋದಂತೆ ಕಡಿಮೆಯಾಗಬೇಕಾದ ಅವಧಿ ಹಿಂದಕ್ಕೆ ತಿರುಗಿ ಹೆಚ್ಚಾದರೆ ಅದೇ ಗುರುತು. ಅಲ್ಲಿ ಶೇಲ್ ಇನ್ನೂ ಪೂರ್ತಿ ಅಮುಕಿಲ್ಲ. ಘಾತೀಯ ಸೂತ್ರ ಹಾಕಿದರೆ ಅದು ಇಲ್ಲದ ಸಂಕೋಚನವನ್ನು ಲೆಕ್ಕಕ್ಕೆ ಹಿಡಿದು ಪದರವನ್ನು ಅತಿಯಾಗಿ ಉಬ್ಬಿಸುತ್ತದೆ. ಅಲ್ಲಿ ನಾನು ಲಾಗ್‌ನಿಂದಲೇ ಸರಂಧ್ರತೆ ತೆಗೆಯುತ್ತೇನೆ.

ಆಮೇಲೆ ಭಾರ ಇಳಿಸುವುದು. ಹರಿಗೋಲಿನಿಂದ ಮೂಟೆ ತೆಗೆದಂತೆ ನೆಲ ಮೇಲೇಳುತ್ತದೆ. ಘನ ಸೆಂಟಿಮೀಟರಿಗೆ ಗ್ರಾಂ ಲೆಕ್ಕದಲ್ಲಿ ಮ್ಯಾಂಟಲ್ (ಹೊರಪದರದಡಿಯ ಶಿಲೆ) ಸಾಂದ್ರತೆ 3.33, ಕಡಲ ನೀರು 1.03, ಹೂಳಿನ ಸರಾಸರಿ 2.3 ಎಂದಿಟ್ಟರೆ, 100 ಮೀಟರ್ ಆಳದ ನೀರಿನ ಜಾಗ ತುಂಬಲು ಸುಮಾರು 223 ಮೀಟರ್ ಹೂಳು ಬೇಕು. ಹೂಳು ತಾನೇ ತನಗೆ ಜಾಗ ಮಾಡಿಕೊಳ್ಳುತ್ತದೆ ಎನ್ನುವುದು ಇದನ್ನೇ. ಹಿಂದಿನ ಸಮುದ್ರಮಟ್ಟದ ತಿದ್ದುಪಡಿಗೆ 1.45ರ ಗುಣಕ ಬೀಳುತ್ತದೆ. ಕ್ರಿಟೇಶಿಯಸ್ ಕಾಲದ (ಸುಮಾರು 14.5ರಿಂದ 6.6 ಕೋಟಿ ವರ್ಷ ಹಿಂದಿನ) ಮಟ್ಟಕ್ಕೆ ಅಂದಾಜುಗಳು ಹತ್ತಾರು, ಆದ್ದರಿಂದ ಒಂದೇ ಗೆರೆ ಎಳೆಯದೆ ಅಂದಾಜುಗಳ ವ್ಯಾಪ್ತಿ ತೋರುವ ಅಗಲ ಪಟ್ಟಿ ಎಳೆಯುವುದು ಲೇಸು.

ಹಿಂದಿನ ನೀರಿನ ಆಳವೇ ಎಲ್ಲಕ್ಕಿಂತ ದೊಡ್ಡ ಅನಿಶ್ಚಿತತೆ. ಶೆಲ್ಫ್‌ನ (ಕರೆಯ ಬಳಿಯ ಆಳವಿಲ್ಲದ ಕಡಲತಳದ) ತಳವಾಸಿ ಫೊರಾಮಿನಿಫೆರಾ (ಚಿಪ್ಪುಳ್ಳ ಏಕಕೋಶ ಜೀವಿಗಳು) ಆಳವನ್ನು ಹತ್ತಾರು ಮೀಟರಿನ ನಿಖರತೆಯಲ್ಲಿ ಹೇಳುತ್ತವೆ, ಇಳಿಜಾರಿನವು ನೂರಾರು ಮೀಟರ್ ಜಾರುತ್ತವೆ. ಭೂಕಂಪನ ಸೀಳುನೋಟದಲ್ಲಿ (ಕೃತಕ ಕಂಪನದ ಪ್ರತಿಧ್ವನಿಯಿಂದ ತೆಗೆದ ನೆಲದಡಿಯ ಚಿತ್ರ) ಮುಂದೊತ್ತಿದ ಡೆಲ್ಟಾದ ಓರೆಪದರಗಳು ಸ್ಪಷ್ಟವಾಗಿದ್ದರೆ ಮೇಲಂಚಿನಿಂದ ಬುಡದವರೆಗಿನ ಎತ್ತರ ಅಳೆದು, ಸಂಕೋಚನ ಸರಿಪಡಿಸಿ ತಾಳೆ ನೋಡುತ್ತೇನೆ.

ಕೊನೆಗೆ ಬರುವ ಕುಸಿತದ ರೇಖೆ ಮೊದಲು ಕಡಿದಾಗಿ, ಆಮೇಲೆ ಚಪ್ಪಟೆಯಾಗಬೇಕು. ತಣಿಯುವಿಕೆಯ ಕಾಲಮಾನ ಸುಮಾರು 6 ಕೋಟಿ ವರ್ಷ. ಮಯೋಸೀನ್ (ಸುಮಾರು 2.3 ಕೋಟಿಯಿಂದ 53 ಲಕ್ಷ ವರ್ಷ ಹಿಂದಿನ ಕಾಲ) ಬಳಿಕ ರೇಖೆ ಮತ್ತೆ ದಿಢೀರ್ ಇಳಿದರೆ ಹೊಸ ಟೆಕ್ಟಾನಿಕ್ ಘಟನೆ ಎಂದು ಹಾರಬಾರದು. ಶೇಲ್ ಮೇಲೆ ಕಡಲ ಕಡೆ ಜಾರುವ ಬೆಳವಣಿಗೆಯ ಸ್ತರಭಂಗಗಳು (ಹೂಳು ಬೀಳುತ್ತಿರುವಾಗಲೇ ಜಾರುವ ಬಿರುಕುಗಳು) ಇಲ್ಲಿ ಹೇರಳ. ಜಾರಿದ ಬದಿಯಲ್ಲಿ ಪದರ ದಪ್ಪ, ಬಾವಿ ಸ್ತರಭಂಗವನ್ನೇ ಹಾದುಹೋದರೆ ಪದರವೇ ಮಾಯ. ಬಾವಿಯನ್ನು ಭೂಕಂಪನ ಸೀಳುನೋಟದ ಮೇಲೆ ಇಟ್ಟು ನೋಡದೆ ರೇಖೆಗೆ ಅರ್ಥ ಹಚ್ಚುವುದು ಬೇಡ. ಡೆಲ್ಟಾದ ಭಾರವನ್ನು ಗಟ್ಟಿ ಶಿಲಾಗೋಳ ಅಕ್ಕಪಕ್ಕಕ್ಕೂ ಹಂಚುತ್ತದೆ. ಹಾಗಾಗಿ ಒಂದೇ ಬಾವಿಯ ಲೆಕ್ಕ ಹೂಳು ದಪ್ಪವಿರುವ ನಡುಭಾಗದಲ್ಲಿ ಭಾರದ ಪಾಲನ್ನು ಹೆಚ್ಚಾಗಿ, ತಣಿಯುವಿಕೆಯ ಪಾಲನ್ನು ಕಡಿಮೆಯಾಗಿ ತೋರಿಸುತ್ತದೆ. ದಡದಿಂದ ಆಳಕಡಲಿನವರೆಗೆ ಒಂದು ಸಾಲು ಬಾವಿಗಳು ಸಿಕ್ಕರೆ ಶಿಲಾಗೋಳದ ಬಾಗುವಿಕೆಯ ಲೆಕ್ಕವನ್ನೇ ಹಾಕಬೇಕು.