ಬ್ರಾಡ್‌ವೇ ಕಲಾವಿದರನ್ನು ಮಾತನಾಡಿಸುವ ಬಗೆ: ಸ್ಟೇಜ್ ಡೋರ್, ಸಹಿ, ಪತ್ರ

ಮ್ಯೂಸಿಕಲ್, ಅಂದರೆ ಹಾಡು ಕುಣಿತದ ನಾಟಕ ನೋಡಿ ಮನಸ್ಸು ತುಂಬಿ ಬಂದಾಗ ಹಾಡಿದವರಿಗೆ ಒಂದು ಮಾತು ಹೇಳಿಯೇ ಹೋಗೋಣ ಅನ್ನಿಸುವುದು ಸಹಜ. ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸದೂ ಅಲ್ಲ. ಚೌಕಿಗೆ ಹೋಗಿ, ಬಣ್ಣ ಹಚ್ಚುತ್ತಾ ಕೂತ ಕಲಾವಿದರನ್ನು ಮಾತನಾಡಿಸಿ ಬರುವುದು ಅಲ್ಲಿ ವಾಡಿಕೆ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ, ಅಂದರೆ ಅಲ್ಲಿನ ದೊಡ್ಡ ವೃತ್ತಿಪರ ರಂಗಮಂದಿರಗಳಲ್ಲಿ, ಚೌಕಿಯ ಒಳಗೆ ನಮಗೆ ಜಾಗವಿಲ್ಲ. ಅಲ್ಲಿರುವುದು ಸ್ಟೇಜ್ ಡೋರ್, ಅಂದರೆ ಕಲಾವಿದರು ಕೆಲಸಕ್ಕೆ ಬಂದು ಹೋಗುವ ಬಾಗಿಲು. ಅದರ ಹೊರಗೆ ಕಾದು ನಿಲ್ಲುವುದಕ್ಕೆ ಅಭಿಮಾನಿಗಳು ‘ಸ್ಟೇಜ್ ಡೋರ್ ಮಾಡೋದು’ ಅಂತಲೇ ಹೇಳುತ್ತಾರೆ.

ನಾನು ಸ್ಟೇಜ್ ಡೋರನ್ನೂ ಮಾಡುತ್ತೇನೆ, ಪತ್ರವನ್ನೂ ಬರೆಯುತ್ತೇನೆ. ಎರಡರಲ್ಲಿ ನನಗೆ ಹೆಚ್ಚು ನಂಬಿಕೆ ಪತ್ರದ ಮೇಲೆ. ಬಾಗಿಲಲ್ಲಿ ಸಿಗುವುದು ಹೆಚ್ಚೆಂದರೆ ಇಪ್ಪತ್ತು ಸೆಕೆಂಡು, ಅದೂ ಅದೃಷ್ಟವಿದ್ದರೆ. ಆದರೂ ಊರಿಂದ ಅಷ್ಟು ದೂರ ಬಂದವರು ಬಾಗಿಲನ್ನು ಬಿಟ್ಟು ಹೋಗುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಹಾಗಾಗಿ ಮೊದಲು ಅದರ ವಿಷಯ.

ಬ್ರಾಡ್‌ವೇಯಲ್ಲಿ ವಾರಕ್ಕೆ 8 ಪ್ರದರ್ಶನ. ಹೆಚ್ಚಿನ ಕಡೆ ಬುಧವಾರ ಮತ್ತು ಶನಿವಾರ ಎರಡೆರಡು ಆಟ, ಸೋಮವಾರ ರಜೆ. ಎರಡು ಆಟದ ದಿನ ಮ್ಯಾಟಿನಿ ಮುಗಿದ ಮೇಲೆ ನಾನು ಕಾಯುವುದಿಲ್ಲ. 2 ಗಂಟೆಗೆ ಶುರುವಾದದ್ದು ಮುಗಿಯುವ ಹೊತ್ತಿಗೆ ನಾಲ್ಕೂವರೆ ದಾಟಿರುತ್ತದೆ. ರಾತ್ರಿಯ ಆಟಕ್ಕೆ ಅರ್ಧ ಗಂಟೆ ಮುಂಚೆ ಕಲಾವಿದರು ಒಳಗೆ ಬಂದು ಹಾಜರಿ ಪಟ್ಟಿಯಲ್ಲಿ ಸಹಿ ಹಾಕಿರಬೇಕು. ನಡುವಿನ ಮೂರು ಗಂಟೆಯೊಳಗೆ ಊಟ, ಒಂದು ಚೂರು ನಿದ್ದೆ, ಗಂಟಲಿಗೆ ವಿಶ್ರಾಂತಿ ಎಲ್ಲ ಆಗಬೇಕು. ಬಹಳ ಜನ ಹೊರಗೆ ಬರುವುದೇ ಇಲ್ಲ. ಮಂಗಳವಾರ ಅಥವಾ ಗುರುವಾರದ ರಾತ್ರಿ ಆಟ ಒಳ್ಳೆಯದು, ಜನವೂ ಕಡಿಮೆ.

ಯಾರೂ ಬರದಿರುವುದೂ ಉಂಟು. 2020ರ ಮಾರ್ಚ್ 12ರಂದು ಬ್ರಾಡ್‌ವೇ ಪೂರ್ತಿ ಮುಚ್ಚಿತು. ಮತ್ತೆ ತೆರೆದ ಮೇಲೂ ಸೋಂಕಿನ ಭಯಕ್ಕೆ ಸ್ಟೇಜ್ ಡೋರ್ ಭೇಟಿಗಳನ್ನು ಬಹುಕಾಲ ನಿಲ್ಲಿಸಿದ್ದರು. ಆಮೇಲೆ ಒಂದೊಂದು ನಾಟಕಕ್ಕೆ ಒಂದೊಂದು ಪದ್ಧತಿಯಾಗಿದೆ. ಆಟ ಶುರುವಾಗುವ ಮುಂಚೆಯೇ ಬಾಗಿಲ ಬಳಿ ಹೋಗಿ ನೋಡಿ. ರಸ್ತೆ ಬದಿಗೆ ಕಬ್ಬಿಣದ ತಡೆಬೇಲಿ ಜೋಡಿಸಿಟ್ಟಿದ್ದರೆ ರಾತ್ರಿ ಜನರನ್ನು ನಿಲ್ಲಿಸುತ್ತಾರೆ ಅಂತ ಅರ್ಥ. ಅಲ್ಲೇ ಇರುವ ಕಾವಲಿನವರನ್ನು ಕೇಳಿದರೆ ನೇರವಾಗಿ ಹೇಳುತ್ತಾರೆ.

ಆಟ ನೋಡುವಾಗ ಮಾಡಬೇಕಾದ ಕೆಲಸ ಒಂದಿದೆ. ಪ್ಲೇಬಿಲ್, ಅಂದರೆ ಪ್ರೇಕ್ಷಕರಿಗೆ ಪುಕ್ಕಟೆ ಕೊಡುವ ಪುಸ್ತಿಕೆಯ ಒಳಗೆ ಸಣ್ಣ ಚೀಟಿ ಇದೆಯೇ ನೋಡಿ. ‘ಈ ಪ್ರದರ್ಶನದಲ್ಲಿ ಇಂಥ ಪಾತ್ರವನ್ನು ಇಂಥವರು ಮಾಡುತ್ತಾರೆ’ ಎಂದು ಅದರಲ್ಲಿ ಇರುತ್ತದೆ. ಲಾಬಿಯ ಫಲಕದಲ್ಲೂ ಹಾಕಿರುತ್ತಾರೆ, ಅದರ ಫೋಟೊ ತೆಗೆದುಕೊಳ್ಳಿ. ಇದನ್ನು ಗಮನಿಸದೆ, ಅಂದು ಅಭಿನಯಿಸಿದವರ ಎದುರು ರಜೆಯಲ್ಲಿದ್ದ ನಟಿಯ ಹೆಸರು ಹಿಡಿದು ಹೊಗಳುವವರನ್ನು ಪ್ರತಿ ಬಾರಿಯೂ ಕಾಣುತ್ತೇನೆ. ಕೇಳಿಸಿಕೊಂಡವರ ಮುಖ ನೋಡಲು ಆಗುವುದಿಲ್ಲ.

ಕೈಯಲ್ಲಿ ಇರಬೇಕಾದದ್ದು ಇಷ್ಟು: ಕಪ್ಪು ಶಾರ್ಪಿ ಮಾರ್ಕರ್ ಪೆನ್ನು ಎರಡು, ಬೆಳ್ಳಿ ಬಣ್ಣದ್ದು ಒಂದು, ಪ್ಲೇಬಿಲ್‌ಗಿಂತ ತುಸು ದೊಡ್ಡದಾದ ಗಟ್ಟಿ ರಟ್ಟು, ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಅಂಟುಚೀಟಿ. ಪ್ಲೇಬಿಲ್ಲಿನ ಹೊದಿಕೆ ನುಣುಪು ಕಾಗದ, ಬಾಲ್ ಪೆನ್ನು ಅದರ ಮೇಲೆ ಜಾರುತ್ತದೆ. ಜೆಲ್ ಪೆನ್ನಿನ ಮಸಿ ಒಣಗದೆ ಮಸಕಾಗುತ್ತದೆ. ಕಪ್ಪು ಹಿನ್ನೆಲೆಯ ಹೊದಿಕೆಗಳೂ ಇರುತ್ತವೆ, ಅವಕ್ಕೆ ಬೆಳ್ಳಿ ಮಾರ್ಕರ್ ಬೇಕೇ ಬೇಕು. ಅದನ್ನು ಮನೆಯಲ್ಲೇ ಚೆನ್ನಾಗಿ ಅಲ್ಲಾಡಿಸಿ, ಒಂದು ಕಾಗದದ ಮೇಲೆ ಗೀಚಿ, ಮಸಿ ಮೂಡುವಂತೆ ಮಾಡಿಕೊಂಡೇ ಹೊರಡಿ. ಚಳಿಗಾಲದಲ್ಲಿ ಮಾರ್ಕರನ್ನು ಕೋಟಿನ ಒಳಜೇಬಿನಲ್ಲಿಡಿ, ಕೊರೆಯುವ ಚಳಿಗೆ ಮಸಿ ಇಳಿಯದೆ ಸತಾಯಿಸುತ್ತದೆ. ಸಹಿ ಆದ ತಕ್ಷಣ ಪುಸ್ತಿಕೆಯನ್ನು ಮಡಚಬೇಡಿ. ನಿಧಾನಕ್ಕೆ ಹತ್ತು ಎಣಿಸಿ, ಆಮೇಲೆ ಚೀಲಕ್ಕೆ ಹಾಕಿ. ಒಳಪುಟದಲ್ಲಿ ಸಹಿ ಹಾಕಿಸಬೇಡಿ. ಅಲ್ಲಿ ಕಾಗದ ತೆಳು, ಮಸಿ ಹಿಂದಿನ ಪುಟಕ್ಕೂ ಇಳಿಯುತ್ತದೆ.

ಅಂಟುಚೀಟಿ ಯಾಕೆ ಅಂದರೆ ನಮ್ಮ ಹೆಸರುಗಳಿಗೆ. ಸುಬ್ರಹ್ಮಣ್ಯ, ವೈಜಯಂತಿ, ಜ್ಞಾನೇಶ್ವರ ಎಂದು ಆ ಗದ್ದಲದಲ್ಲಿ ಒಂದೊಂದೇ ಅಕ್ಷರ ಹೇಳುವಷ್ಟರಲ್ಲಿ ನಿಮ್ಮ ಇಪ್ಪತ್ತು ಸೆಕೆಂಡು ಮುಗಿದಿರುತ್ತದೆ. ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದು, ಸಹಿ ಬೇಕಾದ ಜಾಗದ ಪಕ್ಕದಲ್ಲೇ ಅಂಟಿಸಿ. ಹೆಸರು ಬರೆಸುವುದರಿಂದ ಇನ್ನೊಂದು ಉಪಯೋಗವೂ ಇದೆ. ಸಹಿಗಳನ್ನು ಮಾರುವ ದಂಧೆಯವರೂ ಸಾಲಿನಲ್ಲಿ ನಿಂತಿರುತ್ತಾರೆ, ಕಲಾವಿದರಿಗೆ ಅದು ಗೊತ್ತು. ಹೆಸರಿರುವ ಸಹಿಗೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ. ನೀವಾಗಿಯೇ ಹೆಸರು ಬರೆಯಲು ಕೇಳಿದರೆ ನೀವು ಅಭಿಮಾನಿ ಅನ್ನುವುದು ಅವರಿಗೆ ಅಲ್ಲೇ ತಿಳಿಯುತ್ತದೆ.

ಸಾಮಾನ್ಯವಾಗಿ ಗುಂಪಿನಲ್ಲಿ ಹಾಡಿ ಕುಣಿದವರು ಮೊದಲು ಹೊರಬರುತ್ತಾರೆ. ವಿಗ್ಗು, ಮೈಕು, ಬಣ್ಣ ಎಲ್ಲ ತೆಗೆಯಬೇಕಾದ ಮುಖ್ಯ ಪಾತ್ರದವರಿಗೆ ಅರ್ಧ ಗಂಟೆಯಾದರೂ ಬೇಕು. ಕಾಯುವಾಗ ಮೊದಲು ಬಂದವರನ್ನು ಕಡೆಗಣಿಸಿ ಬಾಗಿಲನ್ನೇ ಇಣುಕುತ್ತಾ ನಿಲ್ಲಬೇಡಿ. ಎರಡೂವರೆ ಗಂಟೆ ನಿಮಗಾಗಿ ಬೆವರಿಳಿಸಿದವರೇ ಅವರೂ.

ಮಾತು ಒಂದೇ ವಾಕ್ಯ ಇರಲಿ, ಮೊದಲೇ ಯೋಚಿಸಿಟ್ಟುಕೊಳ್ಳಿ. ಕೆಲವರು ಗಂಟಲು ಉಳಿಸಿಕೊಳ್ಳಲು ತಲೆಯಾಡಿಸಿ ನಗುತ್ತಾರೆ ಅಷ್ಟೆ, ಅದನ್ನು ಬಿಗುಮಾನ ಅಂದುಕೊಳ್ಳಬೇಡಿ. ಫೋಟೊ ಬೇಕಿದ್ದರೆ ಕೇಳಿ, ಫೋನಿನ ಮುಂದಿನ ಕ್ಯಾಮೆರಾ ತೆರೆದಿಟ್ಟುಕೊಂಡೇ ಕೇಳಿ. ಮುಟ್ಟಬೇಡಿ, ಹೆಗಲ ಮೇಲೆ ಕೈ ಹಾಕಬೇಡಿ. ಕೇಳದೆ ವಿಡಿಯೊ ಮಾಡಬೇಡಿ. ಬೇಲಿ ದಾಟಿ ಹೊರಟವರ ಹಿಂದೆ ಸಬ್‌ವೇ ರೈಲಿನ ತನಕ ನಡೆಯುವುದಂತೂ ಖಂಡಿತ ತಪ್ಪು. ಅಲ್ಲಿಗೆ ಅವರ ಕೆಲಸ ಮುಗಿಯಿತು, ಅವರನ್ನು ಮನೆಗೆ ಹೋಗಲು ಬಿಡಿ.

ತಿಂಡಿ ಒಯ್ಯಬೇಡಿ. ಮನೆಯಲ್ಲಿ ಮಾಡಿದ ಮೈಸೂರು ಪಾಕನ್ನು ಎಷ್ಟು ಪ್ರೀತಿಯಿಂದ ಕೊಟ್ಟರೂ ಅಪರಿಚಿತರು ಕೊಟ್ಟ ಆಹಾರವನ್ನು ಅವರು ತಿನ್ನುವ ಹಾಗಿಲ್ಲ. ಅಲರ್ಜಿಯ ಭಯವೂ ಉಂಟು.

ಇನ್ನು ಪತ್ರ. ರಂಗಮಂದಿರದ ವಿಳಾಸಕ್ಕೆ ಬರೆದ ಪತ್ರ ಸ್ಟೇಜ್ ಡೋರಿನಲ್ಲಿ ಕೂರುವ ಕಾವಲುಗಾರರ ಕೈಗೆ ಹೋಗುತ್ತದೆ, ಅವರ ಮೂಲಕ ಕಲಾವಿದರಿಗೆ. ವಿಳಾಸ ಬರೆಯುವ ಕ್ರಮ ಹೀಗೆ: ಮೊದಲ ಸಾಲಿನಲ್ಲಿ ಕಲಾವಿದರ ಹೆಸರು, ಎರಡನೆಯದರಲ್ಲಿ ನಾಟಕದ ಹೆಸರು, ಮೂರನೆಯದರಲ್ಲಿ ಕೇರ್ ಆಫ್ ಸ್ಟೇಜ್ ಡೋರ್ ಮತ್ತು ರಂಗಮಂದಿರ, ಕೊನೆಗೆ ರಸ್ತೆ ಮತ್ತು ಜಿಪ್, ಅಂದರೆ ಅಮೆರಿಕದ ಪಿನ್‌ಕೋಡ್. ಉದಾಹರಣೆಗೆ 2015ರಿಂದ ‘ಹ್ಯಾಮಿಲ್ಟನ್’ ನಡೆಯುತ್ತಿರುವುದು ರಿಚರ್ಡ್ ರಾಜರ್ಸ್ ಥಿಯೇಟರಿನಲ್ಲಿ. ಅದರ ವಿಳಾಸ 226 ವೆಸ್ಟ್ 46ನೇ ಸ್ಟ್ರೀಟ್, ನ್ಯೂಯಾರ್ಕ್, ಜಿಪ್ 10036. ನಾಟಕದ ಹೆಸರು ಬಿಟ್ಟುಹೋದರೆ ಹಳೆಯ ನಾಟಕದವರ ಪತ್ರವೋ ಇಂದಿನವರದೋ ತಿಳಿಯದೆ ಲಕೋಟೆ ಮೂಲೆ ಸೇರುತ್ತದೆ.

ಕಳಿಸುವ ಮುಂಚೆ ಅವರು ಇನ್ನೂ ಆ ನಾಟಕದಲ್ಲಿ ಇದ್ದಾರೆಯೇ ನೋಡಿಕೊಳ್ಳಿ. ದೊಡ್ಡ ಹೆಸರಿನವರ ಒಪ್ಪಂದ ಕೆಲವೇ ತಿಂಗಳದ್ದಾಗಿರಬಹುದು. ಬ್ರಾಡ್‌ವೇ ಲೀಗಿನವರು ನಡೆಸುವ ಐಬಿಡಿಬಿ (ಇಂಟರ್‌ನೆಟ್ ಬ್ರಾಡ್‌ವೇ ಡೇಟಾಬೇಸ್) ಎಂಬ ಜಾಲತಾಣದ ದಾಖಲೆಯಲ್ಲಿ ಯಾರು ಯಾವಾಗ ಸೇರಿದರು, ಯಾವಾಗ ಬಿಟ್ಟರು ಎಂಬ ಪಟ್ಟಿ ಇರುತ್ತದೆ. ಭಾರತದಿಂದ ಕಳಿಸುವುದಾದರೆ ಅಂಚೆಗೆ ಒಂದು ತಿಂಗಳು ಹಿಡಿಯುತ್ತದೆ ಅಂತಲೇ ಲೆಕ್ಕ ಹಾಕುತ್ತೇನೆ. ಬಿಡುವ ದಿನಾಂಕ ಅದಕ್ಕಿಂತ ಹತ್ತಿರವಿದ್ದರೆ ಮುಂದಿನ ನಾಟಕಕ್ಕೆ ಕಾಯುವುದು ಮೇಲು.

ಒಂದೇ ಪುಟ ಬರೆಯಿರಿ. ನೋಡಿದ ದಿನಾಂಕ, ಮಧ್ಯಾಹ್ನದ ಆಟವೋ ರಾತ್ರಿಯದೋ, ಕೂತದ್ದು ಎಲ್ಲಿ, ಇಷ್ಟನ್ನು ಮೊದಲ ಸಾಲಿನಲ್ಲೇ ಹೇಳಿ. ‘ನಿಮ್ಮ ಹಾಡು ಅದ್ಭುತ’ ಎಂದು ಬರೆದರೆ ಅದು ಯಾರಿಗಾದರೂ ಸಲ್ಲುವ ಪತ್ರ. ನಾನು ಬರೆಯುವುದು ಈ ಬಗೆಯದು: ‘ಎರಡನೆಯ ಅಂಕದ ಹಾಡಿನಲ್ಲಿ ಕೊನೆಯ ಸಾಲಿಗೆ ಮುಂಚೆ ನೀವು ಉಸಿರು ಬಿಗಿಹಿಡಿದು ನಿಂತಿರಿ. ಬಾಲ್ಕನಿಯಲ್ಲಿ ಕೆಮ್ಮುತ್ತಿದ್ದವರೂ ಸುಮ್ಮನಾದರು. ಆಮೇಲೆ ಆ ಸಾಲನ್ನು ಹಾಡದೆ, ಮಾತಿನಂತೆ ಹೇಳಿದಿರಿ. ಆಲ್ಬಮ್ಮಿನಲ್ಲಿ ಅದು ಹಾಗಿಲ್ಲ, ಆ ರಾತ್ರಿ ಹಾಗಿತ್ತು.’ ತಾವು ಬೇಕೆಂದೇ ಮಾಡಿದ್ದೊಂದು ಕೊನೆಯ ಸಾಲಿನ ಪ್ರೇಕ್ಷಕರಿಗೂ ತಲುಪಿತು ಎಂಬುದಕ್ಕಿಂತ ಹೆಚ್ಚಿನದನ್ನು ಯಾವ ಹೂಗುಚ್ಛವೂ ಹೇಳಲಾರದು. ಟಿಕೆಟ್, ಕೆಲಸ, ಶಿಫಾರಸು ಕೇಳಬೇಡಿ. ಮನೆ, ಸಂಸಾರದ ವಿಚಾರ ಎತ್ತಬೇಡಿ.

ಸಹಿ ವಾಪಸ್ ಬೇಕಿದ್ದರೆ ನಿಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನು ಒಳಗಿಡಬೇಕು. ಭಾರತದಿಂದ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ಲಕೋಟೆಗೆ ಭಾರತದ ಅಂಚೆಚೀಟಿ ಹಚ್ಚಿರುತ್ತಾರೆ. ಅದನ್ನು ಅಂಚೆಗೆ ಹಾಕುವುದು ನ್ಯೂಯಾರ್ಕಿನಲ್ಲಿ, ಅಲ್ಲಿ ನಡೆಯುವುದು ಅಮೆರಿಕದ ಚೀಟಿ ಮಾತ್ರ. ಬೇಕಾದದ್ದು ಗ್ಲೋಬಲ್ ಫಾರೆವರ್ ಎಂಬ ದುಂಡಗಿನ ಅಂಚೆಚೀಟಿ. 1 ಔನ್ಸ್, ಅಂದರೆ ಸುಮಾರು 28 ಗ್ರಾಂ ತೂಕದ ಪತ್ರ ಅದೊಂದರಲ್ಲೇ ಯಾವ ದೇಶಕ್ಕಾದರೂ ಹೋಗುತ್ತದೆ. ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ನೆಂಟರಿರದ ಮನೆ ನಮ್ಮಲ್ಲಿ ಈಗ ಅಪರೂಪ. ರಜೆಗೆ ಬರುವಾಗ ನಾಲ್ಕು ಚೀಟಿ ತರಲು ಹೇಳಿಡಿ.

ತೂಕ ಮೀರದಿರಲು ಪ್ಲೇಬಿಲ್ ಬದಲು 4x6 ಇಂಚಿನ ಖಾಲಿ ಕಾರ್ಡು ಅಥವಾ ಫೋಟೊ ಕಳಿಸಿ. 80 ಜಿಎಸ್‌ಎಂ ಎ4 ಹಾಳೆಯೊಂದರ ತೂಕ 5 ಗ್ರಾಂ. ಕಾರ್ಡು, ಲಕೋಟೆ ಎಲ್ಲ ಸೇರಿದರೂ 28ರ ಒಳಗೇ ಇರುತ್ತದೆ. ಮಡಿಕೆ ಬೀಳದಿರಲೆಂದು ಗಟ್ಟಿ ರಟ್ಟು ತುರುಕಬೇಡಿ. ಬಾಗದ ಲಕೋಟೆ ಅಂಚೆಯ ಯಂತ್ರದಲ್ಲಿ ಹೋಗುವುದಿಲ್ಲ, ಅದಕ್ಕೆ ಹೆಚ್ಚುವರಿ ದರ ಬೀಳುತ್ತದೆ. ವಿಳಾಸದ ಕೊನೆಯಲ್ಲಿ ಇಂಡಿಯಾ ಎಂದು ದೊಡ್ಡಕ್ಷರದಲ್ಲಿ, ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ. ಉತ್ತರ ಬರಲು ತಿಂಗಳುಗಟ್ಟಲೆ ಆಗಬಹುದು, ಬಾರದೆಯೂ ಇರಬಹುದು. ನೆನಪಿಸಲು ಎರಡನೆಯ ಪತ್ರ ಬರೆಯುವ ಪದ್ಧತಿ ನನ್ನದಲ್ಲ.

ಲಂಡನ್ನಿನ ರಂಗಮಂದಿರಗಳ ಪ್ರದೇಶವಾದ ವೆಸ್ಟ್ ಎಂಡಿಗೂ ಇದೇ ಕ್ರಮ, ಎರಡು ವ್ಯತ್ಯಾಸ. ಅಲ್ಲಿ ಪ್ರೋಗ್ರಾಂ ಪುಸ್ತಿಕೆಯನ್ನು ದುಡ್ಡು ಕೊಟ್ಟು ಕೊಳ್ಳಬೇಕು, ಬ್ರಾಡ್‌ವೇಯ ಪ್ಲೇಬಿಲ್ಲಿನಂತೆ ಪುಕ್ಕಟೆ ಅಲ್ಲ. ಮತ್ತೆ, ವಾಪಸ್ ಲಕೋಟೆಗೆ ಬೇಕಾದದ್ದು ಬ್ರಿಟನ್ನಿನ ಚೀಟಿ. ಡ್ರಾಯರಿನಲ್ಲಿ ಉಳಿದ ರಾಣಿಯ ಚಿತ್ರದ ಹಳೆಯ ಸಾಮಾನ್ಯ ಅಂಚೆಚೀಟಿಗಳಲ್ಲಿ ಬಾರ್‌ಕೋಡ್ ಇಲ್ಲದವು 2023ರ ಜುಲೈ 31ರ ನಂತರ ನಡೆಯುವುದಿಲ್ಲ.

ನ್ಯೂಯಾರ್ಕಿನಲ್ಲೇ ಇರುವವರು ಪತ್ರವನ್ನು ಕೈಯಾರೆ ಕೊಡಬಹುದು. ಆಟಕ್ಕೆ ಎರಡು ಗಂಟೆ ಮುಂಚೆ ಸ್ಟೇಜ್ ಡೋರಿಗೆ ಹೋಗಿ, ಕಲಾವಿದರ ಹೆಸರು ಹೇಳಿ ಕೊಟ್ಟು ಬನ್ನಿ. ಕೊನೆಯ ಅರ್ಧ ಗಂಟೆಯಲ್ಲಿ ಹೋದರೆ ಎಲ್ಲರೂ ಒಳಗೆ ನುಗ್ಗುತ್ತಿರುತ್ತಾರೆ, ಕಾವಲುಗಾರರಿಗೆ ಪುರುಸೊತ್ತಿರುವುದಿಲ್ಲ.

ಇನ್‌ಸ್ಟಾಗ್ರಾಂ ವಿಷಯ ಎರಡೇ ಮಾತು. ಗೊತ್ತಿಲ್ಲದವರ ಸಂದೇಶ ಬೇರೆ ಪೆಟ್ಟಿಗೆಗೆ ಬೀಳುತ್ತದೆ, ನೋಡುತ್ತಾರೆಂಬ ಭರವಸೆ ಇಲ್ಲ. ಅದಕ್ಕಿಂತ ಟಿಕೆಟ್ ಅಥವಾ ಪ್ಲೇಬಿಲ್ಲಿನ ಚಿತ್ರ ಹಾಕಿ, ನಾಲ್ಕು ಸಾಲು ಬರೆದು ಟ್ಯಾಗ್ ಮಾಡಿದರೆ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು. ಟೀಕೆ ಬರೆದರೆ ಟ್ಯಾಗ್ ಮಾಡಬೇಡಿ. ಕದ್ದು ತೆಗೆದ ವಿಡಿಯೊ ತುಣುಕಿಗಂತೂ ಯಾರ ಹೆಸರನ್ನೂ ಅಂಟಿಸಬೇಡಿ.

ನಿಜವಾಗಿ ಎರಡು ಮಾತು ಆಡಬೇಕೆಂದರೆ ರಂಗಮಂದಿರದ ಹೊರಗಿನ ಸಂದರ್ಭಗಳೇ ವಾಸಿ. ವೆಸ್ಟ್ 54ನೇ ಸ್ಟ್ರೀಟಿನ ನೆಲಮಾಳಿಗೆಯ ‘54 ಬಿಲೋ’ದಲ್ಲಿ ಬ್ರಾಡ್‌ವೇ ಕಲಾವಿದರು ಒಬ್ಬೊಬ್ಬರೇ ಹಾಡುತ್ತಾರೆ. ಪ್ರವೇಶಕ್ಕೆ ಒಂದು ದರ, ಅದರ ಮೇಲೆ ಊಟ, ಪಾನೀಯಕ್ಕೆ ಕನಿಷ್ಠ ಇಷ್ಟು ಖರ್ಚು ಮಾಡಬೇಕೆಂಬ ನಿಯಮವಿದೆ, ಲೆಕ್ಕ ಹಾಕಿಕೊಂಡು ಹೋಗಿ. ಜಾಗ ಚಿಕ್ಕದು, ಮುಗಿದ ಮೇಲೆ ಮಾತಿಗೆ ಸಿಗುವುದುಂಟು. ಏಡ್ಸ್ ಪೀಡಿತರ ನೆರವಿಗೆ ಹಣ ಕೂಡಿಸುವ ಬ್ರಾಡ್‌ವೇ ಕೇರ್ಸ್ ಸಂಸ್ಥೆಯ ಫ್ಲೀ ಮಾರ್ಕೆಟ್ ಇನ್ನೊಂದು. 1987ರಲ್ಲಿ ಶುರುವಾದ ಈ ಸಂತೆ ಶರತ್ಕಾಲದ ಒಂದು ಭಾನುವಾರ ನಡೆಯುತ್ತದೆ, ಅಲ್ಲಿ ದೇಣಿಗೆ ಕೊಟ್ಟು ಸಹಿ ಪಡೆಯಲೆಂದೇ ಮೇಜು ಇರುತ್ತದೆ. ಕಾಯುವುದಕ್ಕೆ ಸಂಕೋಚವಿಲ್ಲ, ಕೊಟ್ಟ ದುಡ್ಡೂ ಒಳ್ಳೆಯ ಕೆಲಸಕ್ಕೆ ಹೋಗುತ್ತದೆ.

ಮೊದಲ ಪತ್ರ ಯಾರಿಗೆ ಎಂದು ಕೇಳಿದರೆ ಸ್ವಿಂಗ್‌ಗಳಿಗೆ ಅನ್ನುತ್ತೇನೆ. ಗುಂಪಿನ ಹಲವು ಪಾತ್ರಗಳ ಹೆಜ್ಜೆ, ಹಾಡು, ನಿಲ್ಲುವ ಜಾಗ ಎಲ್ಲವನ್ನೂ ಕಲಿತು, ಯಾರು ಬಾರದಿದ್ದರೂ ಆ ಜಾಗಕ್ಕೆ ಇಳಿಯುವವರು ಅವರು. ಕೆಲವೊಮ್ಮೆ ಹೇಳಿಕೆ ಬರುವುದು ಅದೇ ದಿನ. ಅವರಿಗೆ ಪತ್ರ ಬರುವುದು ಕಡಿಮೆ, ಉತ್ತರ ಬರೆಯುವುದು ಅವರೇ ಹೆಚ್ಚು. ಬರೆಯುವಾಗ ಪ್ಲೇಬಿಲ್ಲಿನ ಆ ಚೀಟಿಯನ್ನು ಎದುರಿಗಿಟ್ಟುಕೊಂಡು, ಯಾವ ದಿನ ಯಾವ ಪಾತ್ರದಲ್ಲಿ ನೋಡಿದಿರಿ ಎಂದು ಹೆಸರು ಹೇಳಿಯೇ ಬರೆಯಿರಿ.